ಹನ್ನೆರಡರೊಳಗೆ ಬಗ್ಗಬೇಕು

ನಗಬಾರದ ಜಾಗದಲ್ಲಿ ಒಲೆಯಮ್ಮನಿಗೆ ನಗು ಬಂತು.

ಬೌದ್ಧ ವಿಹಾರದ ದೊಡ್ಡ ಹಾಲಿನಲ್ಲಿ ಇನ್ನೂರು ಜನ ಕೂತಿದ್ದರು. ವೇದಿಕೆಯ ಮೇಲೆ ಎಂಟು ಜನ ಭಿಕ್ಷುಗಳು ಸಾಲಾಗಿದ್ದರು. ಸಾಲಿನ ತುದಿಯಲ್ಲಿ ಆಗ ತಾನೇ ತಲೆ ಬೋಳಿಸಿಕೊಂಡು, ಹೊಸ ಕಾವಿ ಚೀವರ ಉಟ್ಟು ಕೂತಿದ್ದವನ ಮುಂದೆ ಅವಳು ಮಂಡಿಯೂರಿದ್ದಳು. ಭಿಕ್ಷುಣಿಯಾದವಳು ಮೂರು ಸಲ ಹಣೆ ನೆಲಕ್ಕೆ ತಾಗಿಸಬೇಕಿತ್ತು. ಅರ್ಧ ಬಗ್ಗಿದ್ದಳು. ಆಗ ಅವನ ಪಾದಗಳು ಕಣ್ಣಿಗೆ ಬಿದ್ದವು.

ಬಲಗಾಲಿನ ಹೆಬ್ಬೆರಳಿಗೆ ಉಗುರಿಲ್ಲ. ಹಿಮ್ಮಡಿಯಲ್ಲಿ ಆಣಿ. ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿದೆ.

ಆ ಪಾದಗಳನ್ನು ಅವಳು ಒಂಬತ್ತು ವರ್ಷ ಬಿಸಿನೀರಲ್ಲಿ ನೆನೆಸಿ ಉಜ್ಜಿದ್ದಳು. ಅವೇ ಪಾದಗಳು ಅವಳ ಸೊಂಟಕ್ಕೆ ಒದ್ದಿದ್ದವು.

ತಲೆ ಎತ್ತಿ ನೋಡಿದಳು. ಗಂಡ. ಲಾರಿ ಓಡಿಸುತ್ತಿದ್ದವನು. ಅವನ ಬೋಳು ತಲೆ ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ಅವನಿಗೂ ಗುರುತು ಹತ್ತಿತು. ಮೊದಲು ಬಾಯಿ ತೆರೆದ. ಆಮೇಲೆ ಮೀಸೆ ಇಲ್ಲದ ತುಟಿಯ ಒಂದು ಮೂಲೆ ಮೇಲಕ್ಕೆ ಹೋಯಿತು.

"ಹೂಂ, ಬಗ್ಗೇ," ಅಂದ ಮೆಲ್ಲಗೆ.

ಹಿಂದೆ ಬಗ್ಗಿಸಬೇಕಾದಾಗ ಅವನು ಅವಳ ಕೂದಲು ಹಿಡಿಯುತ್ತಿದ್ದ. ಈಗ ಹಿಡಿಯಲು ಕೂದಲೇ ಇಲ್ಲ. ಅವಳಿಗೂ ಇಲ್ಲ, ಅವನಿಗೂ ಇಲ್ಲ. ಇದು ತಲೆಗೆ ಹೊಳೆದದ್ದೇ ತಡ, ಹೊಟ್ಟೆಯ ಬುಡದಿಂದ ನಗು ಎದ್ದಿತು. ಎದೆ ಹಾಯ್ದು ಗಂಟಲಿಗೆ ಬಂತು. ಅವಳು ತುಟಿ ಕಚ್ಚಿದಳು. ತನ್ನ ಚೀವರದ ಅಂಚನ್ನು ಬಾಯಿಗೆ ತುರುಕಿಕೊಂಡಳು. ನಗು ಮೂಗಿನಿಂದ ಹೊರಟಿತು. ಕುಕ್ಕರಿನ ಸೀಟಿಯಂಥ ಸದ್ದು. ಹಿಂದೆ ಮಂಡಿಯೂರಿದ್ದ ಸಣ್ಣಮ್ಮನಿಗೆ, ಅಂದರೆ ಮೂವರು ಭಿಕ್ಷುಣಿಯರಲ್ಲಿ ಕಿರಿಯವಳಿಗೆ, ಕಾರಣ ಗೊತ್ತಿಲ್ಲದೆಯೇ ಆ ನಗು ಅಂಟಿಕೊಂಡಿತು. ಮೂರನೆಯ ಸಾಲಿನಲ್ಲಿ ಯಾರದೋ ಮಗು ಕಿಲಕಿಲ ಅಂದಿತು. ಹಾಲಿನ ಅರ್ಧ ಜನ ನಗುತ್ತಿದ್ದರು, ಯಾಕೆಂದು ಒಬ್ಬರಿಗೂ ತಿಳಿಯದು.

ಒಲೆಯಮ್ಮ ಎದ್ದು ನಿಂತಳು. ಕಣ್ಣೀರು ಒರೆಸಿಕೊಂಡಳು.

"ಇವರಿಗೆ ನಾನು ಬಗ್ಗಲ್ಲ," ಅಂದಳು.

ಆಮೇಲೆ ಅಡುಗೆಮನೆಗೆ ಹೋದಳು. ಇನ್ನೂರು ಜನರ ಅನ್ನ ಒಲೆಯ ಮೇಲಿತ್ತು.

ಅವಳಿಗೆ ಒಲೆಯಮ್ಮ ಎಂದು ಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ದೀಕ್ಷೆ ಕೊಟ್ಟಾಗ ಒಂದು ಉದ್ದನೆಯ ಹೆಸರು ಇಟ್ಟಿದ್ದರು. ಅದನ್ನು ಯಾರೂ ಕರೆಯಲಿಲ್ಲ. ಹದಿನೆಂಟು ವರ್ಷ ಒಲೆಯ ಮುಂದೆ ನಿಂತಳು. ಬೆಳಗಿನ ನಾಲ್ಕಕ್ಕೆ ಎದ್ದು ಬೂದಿ ತೆಗೆಯಬೇಕು, ಸೌದೆ ಒಡೆಯಬೇಕು. ಅಕ್ಕಿಯ ಹಂಡೆಯನ್ನು ಇಬ್ಬರು ಹಿಡಿದು ಇಳಿಸಬೇಕು. ಜೊತೆಯ ಭಿಕ್ಷುಣಿ ಕನ್ನಡಕದಮ್ಮನಿಗೆ ಬೆನ್ನು ನೋವು ಬಂದ ಮೇಲೆ ಒಬ್ಬಳೇ ಇಳಿಸುತ್ತಿದ್ದಳು. ಮೊಣಕೈವರೆಗೆ ಸುಟ್ಟ ಕಲೆಗಳು. ಭಿಕ್ಷುಗಳ ಚೀವರ ಒಗೆಯುವುದು, ನೆಲ ಒರೆಸುವುದು, ಪಾಯಿಖಾನೆ ತೊಳೆಯುವುದು, ಎಲ್ಲವೂ ಮೂವರು ಭಿಕ್ಷುಣಿಯರದೇ. ಊರಿನಲ್ಲಿ ಯಾರಾದರೂ ಸತ್ತರೆ ಹೆಣ ತೊಳೆಯಲು ಭಿಕ್ಷುಣಿಯರನ್ನು ಕರೆಯುತ್ತಿದ್ದರು. ಹೆಣ ಶುದ್ಧವಾದ ಮೇಲೆ ಕಾರಿನಲ್ಲಿ ಭಿಕ್ಷುಗಳು ಬರುತ್ತಿದ್ದರು, ಕುರ್ಚಿಯಲ್ಲಿ ಕೂತು ಸೂತ್ರ ಹೇಳುತ್ತಿದ್ದರು. ಆ ಸೂತ್ರಗಳು ಒಲೆಯಮ್ಮನಿಗೂ ಬಾಯಿಪಾಠ. ಹೇಳು ಎಂದು ಯಾರೂ ಕೇಳಿರಲಿಲ್ಲ.

ಊಟವೂ ಹಾಗೆಯೇ. ಮಧ್ಯಾಹ್ನ ಹನ್ನೆರಡಾದ ಮೇಲೆ ಸಂನ್ಯಾಸಿಗಳು ಉಣ್ಣುವಂತಿಲ್ಲ. ಮೊದಲು ಭಿಕ್ಷುಗಳು, ಆಮೇಲೆ ಬಂದ ದೊಡ್ಡವರು, ಆಮೇಲೆ ಭಕ್ತರು. ಭಿಕ್ಷುಣಿಯರ ಸರದಿ ಬರುವಾಗ ಹನ್ನೆರಡಕ್ಕೆ ಎಂಟು ನಿಮಿಷ ಉಳಿದಿರುತ್ತಿತ್ತು. ಅಗಿಯದೆ ನುಂಗುವುದನ್ನು ಮೂವರೂ ಕಲಿತಿದ್ದರು.

ಇಲ್ಲಿಗೆ ಬರುವ ಮೊದಲು ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸದಲ್ಲಿದ್ದಳು. ರಕ್ತದ ಹಾಸಿಗೆ ಬಟ್ಟೆ ಒಗೆದ ಕೈ ಎಂದು ಬೀದಿಯ ನಲ್ಲಿಯಲ್ಲಿ ಅವಳ ಕೊಡವನ್ನು ಕೊನೆಗೆ ಇಡಿಸುತ್ತಿದ್ದರು. ಮನೆಯಲ್ಲಿ ಗಂಡನ ಕಾಲು. ಒಂದು ದಿನ ವಿಹಾರದ ಹಿರಿಯ ಭಿಕ್ಷು ದೊಡ್ಡ ಭಂತೇಜಿ ಆಸ್ಪತ್ರೆಯ ಅಂಗಳದಲ್ಲಿ ಮಾತಾಡಿದರು. ನಮ್ಮಲ್ಲಿ ಮೇಲು ಕೀಳು ಅನ್ನೋದೇ ಇಲ್ಲ, ಯಾರು ಬೇಕಾದರೂ ಬರಬಹುದು ಎಂದರು. ಅವಳು ಒದ್ದೆ ಕೈಯಲ್ಲೇ ಅವರ ಹಿಂದೆ ಹೊರಟಳು. ಆ ಮಾತನ್ನು ಅವಳು ನಂಬಿದ್ದಳು. ತಪ್ಪು ನಂಬಿಕೆಯಲ್ಲ, ಅರ್ಧ ಕೇಳಿಸಿಕೊಂಡ ಮಾತು. ಉಳಿದರ್ಧ ಒಳಗೆ ಬಂದ ಮೇಲೆ ತಿಳಿಯಿತು. ಭಿಕ್ಷುಣಿಗೆ ನೂರು ವರ್ಷವೇ ಆಗಿರಲಿ, ಇವತ್ತು ಬೆಳಿಗ್ಗೆ ದೀಕ್ಷೆ ತಗೊಂಡ ಭಿಕ್ಷುವಿಗೆ ಅವಳೇ ಬಗ್ಗಬೇಕು. ಬಗ್ಗಿದಳು. ಹದಿನೆಂಟು ವರ್ಷದಲ್ಲಿ ಯಾರುಯಾರಿಗೋ ಬಗ್ಗಿದಳು. ಮಂಡಿ ಸವೆಯಿತು, ಅಷ್ಟೇ ಎಂದುಕೊಂಡಳು.

ಇವತ್ತು ದೀಕ್ಷೆ ಯಾರಿಗೆ ಎಂಬುದೂ ಅವಳಿಗೆ ಗೊತ್ತಿರಲಿಲ್ಲ. ಲಾರಿ ಮಗುಚಿ ಬದುಕಿಕೊಂಡವನೊಬ್ಬ ಹರಕೆ ಹೊತ್ತಿದ್ದಾನಂತೆ, ಹದಿನೈದು ದಿನದ ಮಟ್ಟಿಗೆ ಭಿಕ್ಷುವಾಗುತ್ತಾನಂತೆ ಎಂದಷ್ಟೇ ಅಡುಗೆಮನೆಗೆ ಸುದ್ದಿ ಬಂದಿತ್ತು.

ಜನ ಉಂಡು ಹೋದ ಮೇಲೆ ಕರೆ ಬಂತು. ದೊಡ್ಡ ಭಂತೇಜಿ ತಮ್ಮ ಕೋಣೆಯಲ್ಲಿ ಕೂತಿದ್ದರು. ಪಕ್ಕದಲ್ಲಿ ವಿಹಾರದ ಕಾರ್ಯದರ್ಶಿ, ಬಟ್ಟೆ ಅಂಗಡಿಯವನು, ಕೈಕಟ್ಟಿ ನಿಂತಿದ್ದ.

"ಏನಿದು ನಿನ್ನ ಕತೆ?" ಎಂದರು ದೊಡ್ಡ ಭಂತೇಜಿ. "ಇನ್ನೂರು ಜನರ ಮುಂದೆ."

"ಅವರು ನನ್ನ ಗಂಡ, ಭಂತೇಜಿ."

"ಗಂಡ ಆಗಿದ್ದ. ಚೀವರ ಉಟ್ಟ ಮೇಲೆ ಯಾರಿಗೂ ಗಂಡ ಅಲ್ಲ. ನೀನು ಬಗ್ಗೋದು ಮನುಷ್ಯನಿಗಲ್ಲ, ಚೀವರಕ್ಕೆ."

"ಹಾಗಾದ್ರೆ ನಾನುಟ್ಟಿರೋದೇನು, ಗೋಣಿಚೀಲವಾ?"

ಕಾರ್ಯದರ್ಶಿ ಕೆಮ್ಮಿದ.

"ಒಂದೇ ಥಾನಿನ ಬಟ್ಟೆ ಭಂತೇಜಿ. ಇದನ್ನೂ ನಾನೇ ಹೊಲಿದದ್ದು. ಅವರ ಮೈಮೇಲಿರೋದನ್ನೂ ಮೊನ್ನೆ ನಾನೇ ಕೂತು ಹೊಲಿದೆ. ನಾನು ಹೊಲಿದ ಬಟ್ಟೆ ಅವರ ಮೈಮೇಲೆ ಹೋದ ಕೂಡಲೇ ನನಗಿಂತ ದೊಡ್ಡದಾಗಿಬಿಡ್ತಾ?"

"ನಾಲಿಗೆ ಉದ್ದ ಆಯ್ತು," ಎಂದ ಕಾರ್ಯದರ್ಶಿ. "ಉಂಡ ಮನೆಗೆ ಎರಡು ಬಗೀಬಾರದು."

"ಉಂಡದ್ದಲ್ಲ ಸ್ವಾಮಿ, ಉಣ್ಣಿಸಿದ್ದು."

ದೊಡ್ಡ ಭಂತೇಜಿ ಕೈ ಎತ್ತಿದರು. ಅವರು ಕೆಟ್ಟವರಲ್ಲ. ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೆ ನಡೆಸಿಕೊಂಡು ಬಂದವರು. ಅದರಿಂದ ಯಾರ ಬೆನ್ನು ಮುರಿಯಿತು ಎಂದು ತಿರುಗಿ ನೋಡುವ ಸಂದರ್ಭ ಬಂದಿರಲಿಲ್ಲ, ಅಷ್ಟೇ.

"ನಿಯಮ ಅಂದ್ರೆ ನಿಯಮ," ಎಂದರು. "ನಾಳೆ ಮಧ್ಯಾಹ್ನ ಹನ್ನೆರಡರೊಳಗೆ ಬಗ್ಗಿ ಕ್ಷಮೆ ಕೇಳು. ಇಲ್ಲವಾ, ವಿಹಾರ ಬಿಟ್ಟು ಹೋಗು."

ಹೋಗಲು ಜಾಗವೆಲ್ಲಿದೆ? ಐವತ್ತೆಂಟು ವರ್ಷ. ತವರು ಎನ್ನುವುದು ಎಂದೋ ಮುಗಿದಿತ್ತು. ಒಲೆಯಮ್ಮ ಅಡುಗೆಮನೆಯ ಹಿಂದಿನ ಕೋಣೆಗೆ ಬಂದು ಗೋಡೆಗೆ ಒರಗಿ ಕೂತಳು. ಈಗ ನಗು ಇರಲಿಲ್ಲ.

ಕನ್ನಡಕದಮ್ಮ ಒಂದು ಹಳೆಯ ಪುಸ್ತಕ ಬಿಡಿಸಿಕೊಂಡು ಕೂತಿದ್ದಳು. ಅವಳು ಶಾಲೆಯಲ್ಲಿ ಆಯಾ ಆಗಿದ್ದವಳು. ಮೇಷ್ಟರುಗಳು ಪಾಠ ಮಾಡುವಾಗ ಬಾಗಿಲ ಹೊರಗೆ ನಿಂತು ಓದು ಕಲಿತವಳು. ಕನ್ನಡಕದ ಒಂದು ಗಾಜು ಸೀಳಿತ್ತು, ಅದರಲ್ಲೇ ಎಲ್ಲ ಓದಿ ಮುಗಿಸಿದ್ದಳು.

"ಭಂತೇಜಿ ಹೇಳಿದ್ದು ಸರಿ ಕಣೇ," ಎಂದಳು.

"ನೀನೂ ಅವರ ಕಡೆಗೇನಾ?"

"ನಿಯಮ ಅಂದ್ರೆ ನಿಯಮ ಅಂದ್ರಲ್ಲ. ಪೂರ್ತಿ ಕೇಳು. ಭಿಕ್ಷು ತಾನೇ ಅಡುಗೆ ಮಾಡಿಕೊಳ್ಳೋ ಹಾಗಿಲ್ಲ. ನಿನ್ನೆ ಉಳಿದದ್ದು ಇಟ್ಟುಕೊಂಡು ಉಣ್ಣೋ ಹಾಗಿಲ್ಲ. ಬೇರೆಯವರು ಕೈಯಾರೆ ಕೊಡದೆ ಒಂದು ಹಣ್ಣನ್ನೂ ಬಾಯಿಗೆ ಹಾಕೋ ಹಾಗಿಲ್ಲ. ಹನ್ನೆರಡಾದ ಮೇಲೆ ಏನೂ ಇಲ್ಲ. ಪಾತ್ರೆ ಹಿಡಿದು ಬೀದಿಗೆ ಹೋಗಬೇಕು, ಕೊಟ್ಟದ್ದನ್ನ ಉಣ್ಣಬೇಕು. ಇದೂ ನಿಯಮವೇ."

"ಇವರು ಬೀದಿಗೆ ಹೋಗಿ ಎಷ್ಟು ವರ್ಷ ಆಯ್ತು?"

"ನೀನು ಒಲೆ ಹಚ್ಚಿದಾಗಿನಿಂದ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಸಣ್ಣಮ್ಮನ ಕೆನ್ನೆ ಮೊದಲು ಉಬ್ಬಿತು. ಆಮೇಲೆ ಮೂವರೂ ಹೊಟ್ಟೆ ಹಿಡಿದುಕೊಂಡು ಚಾಪೆಯ ಮೇಲೆ ಉರುಳಾಡಿದರು.

ಮರುದಿನ ಬೆಳಿಗ್ಗೆ ಒಲೆ ಹಚ್ಚಲಿಲ್ಲ.

ಮೂವರೂ ಸ್ನಾನ ಮಾಡಿ, ಕೋಣೆ ಗುಡಿಸಿ, ಧ್ಯಾನಕ್ಕೆ ಕೂತರು. ಹಗಲಲ್ಲಿ ಧ್ಯಾನಕ್ಕೆ ಕೂತದ್ದು ಒಲೆಯಮ್ಮನಿಗೆ ನೆನಪೇ ಇರಲಿಲ್ಲ. ಕಣ್ಣು ಮುಚ್ಚಿದರೆ ಅಕ್ಕಿ ಕುದಿಯುವ ಸದ್ದು ಕೇಳಿಸುತ್ತಿತ್ತು. ಕಣ್ಣು ಬಿಟ್ಟರೆ ತಣ್ಣನೆಯ ಒಲೆ. ಮೈಗೆ ಅಭ್ಯಾಸ ತಪ್ಪಿ, ಕಾಲು ನೆಲ ಬಿಟ್ಟ ಹಾಗೆ ಹಗುರ ಅನಿಸುತ್ತಿತ್ತು. ತಲೆ ಸಣ್ಣಗೆ ತಿರುಗುತ್ತಿತ್ತು.

ಆರಕ್ಕೆ ಬರಬೇಕಿದ್ದ ಗಂಜಿ ಭಿಕ್ಷುಗಳಿಗೆ ಬರಲಿಲ್ಲ. ಎಂಟಕ್ಕೆ ಒಬ್ಬರು ಅಡುಗೆಮನೆಯಲ್ಲಿ ಇಣುಕಿ ಹೋದರು. ಒಂಬತ್ತಕ್ಕೆ ಇನ್ನೊಬ್ಬರು. ಒಂಬತ್ತೂವರೆಗೆ ಗಂಡನೇ ಬಂದ. ಚೀವರ ಜಾರುತ್ತಿತ್ತು. ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಬೆಂಕಿಪೊಟ್ಟಣ ಹುಡುಕತೊಡಗಿದ.

"ಅಡುಗೆ ಮಾಡೋ ಹಾಗಿಲ್ಲ ಭಂತೇಜಿ," ಎಂದಳು ಕನ್ನಡಕದಮ್ಮ ವಿನಯದಿಂದ. "ನಿಯಮ."

"ಒಂದು ಲೋಟ ಚಹಾ..."

"ಹಾಲು ಹಾಕಿದ್ರೆ ಅದೂ ಅಡುಗೆನೇ."

ಅವನು ಒಲೆಯಮ್ಮನ ಕಡೆ ತಿರುಗಿದ. ಧ್ವನಿ ತಗ್ಗಿಸಿದ. "ಲೇ, ಯಾಕೆ ಇಷ್ಟು ಹಟ? ಸುಮ್ಮನೆ ಒಂದು ಸಲ ಬಗ್ಗಿಬಿಡು. ಎಲ್ಲರಿಗೂ ಹೊಟ್ಟೆ ತಣ್ಣಗಾಗುತ್ತೆ."

"ಒಂಬತ್ತು ವರ್ಷ ಬಗ್ಗಿದ್ದೆನಲ್ಲ," ಎಂದಳು ಅವಳು. "ನಿಮ್ಮ ಹೊಟ್ಟೆ ತಣ್ಣಗಾಗಿತ್ತಾ?"

ಅವನು ಬಾಗಿಲ ಕಡೆ ತಿರುಗಿದ. ಹೊರಡುವಾಗ ಚೀವರ ಕಾಲಿಗೆ ತೊಡರಿ ಹೊಸಿಲಲ್ಲಿ ಮುಗ್ಗರಿಸಿದ. ಸಣ್ಣಮ್ಮ ಕಿಟಕಿಯ ಕಡೆ ಮುಖ ತಿರುಗಿಸಿ ಹೆಗಲು ಕುಲುಕಿಸಿದಳು.

"ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರೆ," ಎಂದಳು. "ಇವರಿಗೆ ಜುಟ್ಟೂ ಇಲ್ಲವಲ್ಲಕ್ಕಾ."

ಕಾರ್ಯದರ್ಶಿಗೆ ಫೋನು ಹೋಯಿತು. ಹೋಟೆಲಿನಿಂದ ಎಂಟು ಪಾರ್ಸಲ್ ತರುತ್ತೇನೆ, ಹನ್ನೊಂದಕ್ಕೆಲ್ಲ ಅಲ್ಲಿರುತ್ತೇನೆ, ಆ ಹೆಂಗಸಿಗೆ ಗೇಟಿನ ದಾರಿಯನ್ನೂ ತೋರಿಸುತ್ತೇನೆ ಎಂದ.

ಹತ್ತೂವರೆಗೆ ಒಲೆಯಮ್ಮ ಎದ್ದಳು. ದೀಕ್ಷೆಯ ದಿನ ಅವಳಿಗೂ ಒಂದು ಭಿಕ್ಷಾಪಾತ್ರೆ ಕೊಟ್ಟಿದ್ದರು. ಹದಿನೆಂಟು ವರ್ಷ ಅದರಲ್ಲಿ ಉಪ್ಪು ತುಂಬಿಟ್ಟಿದ್ದಳು. ಉಪ್ಪನ್ನು ಡಬ್ಬಿಗೆ ಸುರಿದಳು, ಪಾತ್ರೆ ತೊಳೆದಳು. ಕನ್ನಡಕದಮ್ಮನ ಪಾತ್ರೆಯಲ್ಲಿ ಒಣಮೆಣಸಿನಕಾಯಿ ಇತ್ತು. ಸಣ್ಣಮ್ಮನದು ಅಕ್ಕಿ ಅಳೆಯುವ ಪಾವಾಗಿತ್ತು. ಮೂವರೂ ಪಾತ್ರೆ ಹಿಡಿದು, ಬರಿಗಾಲಲ್ಲಿ, ಒಬ್ಬರ ಹಿಂದೆ ಒಬ್ಬರು ಗೇಟು ದಾಟಿದರು.

ಮೊದಲ ಮನೆಯಲ್ಲಿ ಒಬ್ಬಾಕೆ ಬಾಗಿಲು ತೆಗೆದು ಅತ್ತಿತ್ತ ನೋಡಿದಳು. "ಭಂತೇಜಿಯವರು ಎಲ್ಲಿ? ಬರೀ ಹೆಂಗಸರು ಬಂದಿದ್ದೀರಾ?" ಎಂದು ಬಾಗಿಲು ಹಾಕಿಕೊಂಡಳು. ಎರಡನೆಯ ಮನೆಯಲ್ಲಿ ಚಂದಾ ಕೇಳಲು ಬಂದವರು ಎಂದುಕೊಂಡು ಮುಂದಕ್ಕೆ ಕಳಿಸಿದರು. ದೊಡ್ಡ ಕಟ್ಟಡದ ಕಾವಲುಗಾರ ಕೋಲು ತೋರಿಸಿ ಓಡಿಸಿದ. ಬೀದಿ ಬಿಸಿಯಾಗಿತ್ತು. ಅಂಗಾಲು ಚುರುಗುಟ್ಟುತ್ತಿತ್ತು. ನಾಲ್ಕು ಬೀದಿ ಸುತ್ತಿದರೂ ಪಾತ್ರೆಯ ತಳ ಹೊಳೆಯುತ್ತಲೇ ಇತ್ತು.

"ಹಿಂದಕ್ಕೆ ಹೋಗೋಣವಾ?" ಎಂದಳು ಸಣ್ಣಮ್ಮ. ಅವಳ ತುಟಿ ಒಣಗಿತ್ತು.

"ಎಲ್ಲಿಗೆ?" ಎಂದಳು ಒಲೆಯಮ್ಮ.

ಬೀದಿ ಮುಗಿದಲ್ಲಿ ಕಸ ಬೇರ್ಪಡಿಸುವ ಶೆಡ್ಡು. ಊರಿನ ಕಸವೆಲ್ಲ ಅಲ್ಲಿಗೆ ಬರುತ್ತಿತ್ತು. ಇಪ್ಪತ್ತು ಇಪ್ಪತ್ತೈದು ಹೆಂಗಸರು ತೂತು ಬಿದ್ದ ಗ್ಲೌಸು ಹಾಕಿಕೊಂಡು ಸೀಸೆ, ಪ್ಲಾಸ್ಟಿಕ್ಕು, ಕೊಳೆತದ್ದು ಎಂದು ಬೇರೆ ಮಾಡುತ್ತಿದ್ದರು. ಬೆಳಗಿನ ಐದಕ್ಕೆ ಶುರುವಾದವರು ಊಟಕ್ಕೆಂದು ಆಗಷ್ಟೇ ಕೈ ತೊಳೆಯುತ್ತಿದ್ದರು. ನೊಣ ಮೋಡದ ಹಾಗೆ ಕವಿದಿತ್ತು. ಭಿಕ್ಷುಗಳ ಕಾರು ಈ ಕಡೆ ಬಂದರೆ ಗಾಜು ಏರಿಸಿಕೊಂಡು ಹೋಗುತ್ತಿತ್ತು.

ಮೂವರು ಪಾತ್ರೆ ಹಿಡಿದು ಸುಮ್ಮನೆ ನಿಂತರು. ಭಿಕ್ಷೆಗೆ ಹೋದವರು ಬಾಯಿಬಿಟ್ಟು ಕೇಳುವಂತಿಲ್ಲ. ಒಳಗಿನ ಹೆಂಗಸರು ಕೈ ತೊಳೆಯುವುದನ್ನು ನಿಲ್ಲಿಸಿ ನೋಡಿದರು. ಅವರ ಮೇಸ್ತ್ರಿ, ಅಗಲ ಮೈಯ ಹೆಂಗಸು, ಸೊಂಟಕ್ಕೆ ಕೈಯಿಟ್ಟುಕೊಂಡು ಮುಂದೆ ಬಂದಳು.

"ದಾರಿ ತಪ್ಪಿತಾ ಅಮ್ಮಾ?"

"ಇಲ್ಲಕ್ಕಾ. ಭಿಕ್ಷೆಗೆ ಬಂದಿದ್ದೀವಿ."

"ನಮ್ಮ ಹತ್ರವಾ?"

"ನಿಮ್ಮ ಹತ್ರಾನೇ."

ಮೇಸ್ತ್ರಿ ತನ್ನ ಅಂಗೈ ನೋಡಿಕೊಂಡಳು. ಅಂಗಿಗೆ ಒರೆಸಿಕೊಂಡಳು. ಮತ್ತೆ ನೋಡಿಕೊಂಡಳು. "ಈ ಕೈಯಿಂದ ಇದುವರೆಗೂ ಯಾರೂ ಏನೂ ಇಸ್ಕೊಂಡಿಲ್ಲಮ್ಮಾ," ಎಂದಳು. "ಕೊಟ್ಟ ನೀರನ್ನೂ ಕುಡಿದಿಲ್ಲ."

"ನನ್ನ ಕೈಯಿಂದಲೂ ಒಂದು ಕಾಲದಲ್ಲಿ ಯಾರೂ ಕುಡೀತಿರಲಿಲ್ಲ. ಹಾಕಿ."

ಅಲ್ಲಿಂದ ಶೆಡ್ಡಿನಲ್ಲಿ ಗಲಾಟೆಯೋ ಗಲಾಟೆ. ಇಪ್ಪತ್ತೈದು ಬುತ್ತಿ ಒಟ್ಟಿಗೆ ಬಿಚ್ಚಿಕೊಂಡವು. ನನ್ನದು ಮೊದಲು, ನನ್ನದು ಮೊದಲು ಎಂದು ತಳ್ಳಾಟ. ಒಬ್ಬಳು ಮೊಟ್ಟೆ ಸುಲಿದಳು. ಒಬ್ಬಳು ಮಗನಿಗೆಂದು ಎತ್ತಿಟ್ಟ ಬಾಳೆಹಣ್ಣು ತಂದಳು. ಎಲ್ಲರ ಅನ್ನವನ್ನೂ ಒಂದು ದೊಡ್ಡ ಪಾತ್ರೆಗೆ ಸುರಿಯಿರಿ, ಯಾರ ಮನೆಯದು ಎಂಬ ಜಗಳವೇ ಬೇಡ ಎಂದು ಮೇಸ್ತ್ರಿ ಗದರಿದಳು.

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಕಾವಿ ಬಣ್ಣ ಕಾಣಿಸಿತು.

ಅತ್ತ ವಿಹಾರಕ್ಕೆ ಹನ್ನೊಂದಾದರೂ ಪಾರ್ಸಲ್ ಬಂದಿರಲಿಲ್ಲ. ಹನ್ನೊಂದೂಕಾಲಾದರೂ ಬರಲಿಲ್ಲ. ಕಾರ್ಯದರ್ಶಿ ಎಲ್ಲೋ ವಾಹನಗಳ ನಡುವೆ ಸಿಕ್ಕಿಕೊಂಡಿದ್ದ. ದೊಡ್ಡ ಭಂತೇಜಿ ಕಪಾಟಿನ ಮೇಲಿದ್ದ ಪಾತ್ರೆಯನ್ನು ಕೆಳಗಿಳಿಸಿ ದೂಳು ಒರೆಸಿದರಂತೆ. ಎಂಟೂ ಜನ ಬಿಸಿ ರಸ್ತೆಯಲ್ಲಿ ಬರಿಗಾಲನ್ನು ಎತ್ತಿ ಎತ್ತಿ ಇಡುತ್ತ ಬರುತ್ತಿದ್ದರು. ರೂಢಿ ತಪ್ಪಿದ ಅಂಗಾಲು, ನೋಡಿದರೆ ಕೋಳಿ ನಡಿಗೆ. ಅವರ ಹಿಂದೆ ಬೀದಿಯ ಜನ, ಎರಡು ನಾಯಿ. ಅವರು ಬಂದ ದಾರಿಯ ಮನೆಗಳಲ್ಲಿ ಆಗಲೇ ಎಲ್ಲರೂ ಬೀಗ ಹಾಕಿ ಕೆಲಸಕ್ಕೆ ಹೋಗಿಯಾಗಿತ್ತು. ಅನ್ನದ ವಾಸನೆ ಬಂದದ್ದು ಈ ಶೆಡ್ಡಿನಿಂದ ಮಾತ್ರ.

ದೊಡ್ಡ ಭಂತೇಜಿ ನೇರ ಅನ್ನದ ಪಾತ್ರೆಯ ಮುಂದೆ ಬಂದು ನಿಂತರು. ಉಳಿದವರು ಅವರ ಹಿಂದೆ. ಭಿಕ್ಷುಣಿಯರು ಪಕ್ಕಕ್ಕೆ ಸರಿದರು. ಮೈ ತಾನಾಗಿಯೇ ಸರಿಯಿತು.

"ಏಯ್, ಅದೆಲ್ಲ ಇಲ್ಲ," ಎಂದಳು ಮೇಸ್ತ್ರಿ, ಸೌಟನ್ನು ಅಡ್ಡ ಹಿಡಿದು. "ಅಮ್ಮಂದಿರು ಮೊದಲು ಬಂದಿದ್ದಾರೆ."

"ನಮ್ಮಲ್ಲಿ ಒಂದು ಕ್ರಮ ಇದೆ," ಎಂದರು ಒಬ್ಬ ಭಿಕ್ಷು.

"ನಮ್ಮಲ್ಲೂ ಇದೆ. ಇಲ್ಲಿ ಸರ್ವೀಸ್ ಪ್ರಕಾರ. ಜಾಸ್ತಿ ವರ್ಷ ದುಡಿದವರು ಮುಂದೆ. ಹೆಂಗಸು ಗಂಡಸು ನೋಡಲ್ಲ, ನಮ್ಮ ಲಾರಿಯವನೂ ಹಿಂದೆನೇ ನಿಲ್ತಾನೆ. ಹೇಳಿ, ನಿಮ್ಮ ಸರ್ವೀಸ್ ಎಷ್ಟು?"

ದೊಡ್ಡ ಭಂತೇಜಿ ಕಣ್ಣು ಪಿಳಿಪಿಳಿ ಮಾಡಿದರು. "ಮೂವತ್ತೊಂದು ವರ್ಷ."

"ಹಾಗಾದ್ರೆ ನೀವೇ ಮೊದಲು, ಬನ್ನಿ. ನಿಮ್ಮದು ಅಮ್ಮಾ?"

"ಹದಿನೆಂಟು," ಎಂದಳು ಒಲೆಯಮ್ಮ.

"ಇವರಿಗೂ ನಿಮಗೂ ನಡುವೆ ಯಾರಾದ್ರೂ ಇದ್ದಾರಾ? ಇಲ್ಲ? ಎರಡನೇದು ನೀವು. ನಿಮ್ಮದು?"

ಹನ್ನೆರಡು ವರ್ಷದ ಭಿಕ್ಷು ಬಾಯಿ ತೆರೆದರು. ಭಿಕ್ಷುಣಿಯ ಹಿಂದೆ ಭಿಕ್ಷು ನಿಲ್ಲುವುದು ಯಾವ ಪುಸ್ತಕದಲ್ಲೂ ಇಲ್ಲ. ಶೆಡ್ಡಿನ ಗೋಡೆಯ ಗಡಿಯಾರದಲ್ಲಿ ಹನ್ನೊಂದು ಮುಕ್ಕಾಲು. ಅವರ ಹೊಟ್ಟೆ ಗುರ್ ಎಂದದ್ದು ಎಲ್ಲರಿಗೂ ಕೇಳಿಸಿತು. ಅವರು ಒಲೆಯಮ್ಮನ ಬೆನ್ನು ನೋಡಿದರು, ಅನ್ನ ನೋಡಿದರು.

"ನಮಗಿಂತ ಮುಂಚೆ ಕನ್ನಡಕದಮ್ಮ," ಎಂದರು ಕೊನೆಗೆ. "ಅವರದು ಹದಿನೈದು."

ಒಬ್ಬರು ಸರಿದ ಮೇಲೆ ಉಳಿದವರಿಗೇನು? ಒಂಬತ್ತು, ಏಳು, ಆರು. ಸಣ್ಣಮ್ಮನದು ನಾಲ್ಕು. ಮೂರರವರು ಅವಳ ಹಿಂದೆ. ಎರಡರವರು ಅವರ ಹಿಂದೆ. ದೊಡ್ಡ ಭಂತೇಜಿ ಮುಂದೆ ನಿಂತವರು ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ. ನೋಡಿದ್ದರೆ ಏನಾದರೂ ಹೇಳಬೇಕಾಗುತ್ತಿತ್ತು.

"ನಿಮ್ಮದೆಷ್ಟಪ್ಪಾ?" ಎಂದಳು ಮೇಸ್ತ್ರಿ ಗಂಡನಿಗೆ.

ಅವನು ಜಾರುವ ಚೀವರವನ್ನು ಎಳೆದುಕೊಂಡ. "ನಿನ್ನೆಯಿಂದ," ಎಂದ.

ಇಪ್ಪತ್ತೈದು ಹೆಂಗಸರು ಒಮ್ಮೆಗೇ ನಕ್ಕರು. ತಗಡಿನ ಮಾಡು ಝಲ್ಲೆಂದಿತು. ಅವನು ಸಾಲಿನ ತುದಿಗೆ ಹೋಗಿ ನಿಂತ. ಅಲ್ಲಿ ನಿಂತು ಅವನೂ ಯಾಕೋ ಹಲ್ಲು ಕಿರಿದ.

ಕಸದ ರಾಶಿಯ ಪಕ್ಕ, ಹಳೆಯ ಗೋಣಿಗಳ ಮೇಲೆ ಎಲ್ಲರೂ ಕೂತರು. ಒಲೆಯಮ್ಮ ಮೊದಲ ತುತ್ತನ್ನು ಬಾಯಿಗಿಟ್ಟು, ನುಂಗಲು ಹೊರಟವಳು ನಿಲ್ಲಿಸಿದಳು. ಅಗಿದಳು. ಇನ್ನೂ ಹತ್ತು ನಿಮಿಷ ಇದೆ. ನಿಧಾನ ಅಗಿದಳು. ಅನ್ನಕ್ಕೆ ಇಷ್ಟು ರುಚಿ ಇರುತ್ತದೆಂದು ಹದಿನೆಂಟು ವರ್ಷ ಬೇಯಿಸಿದವಳಿಗೆ ಗೊತ್ತಿರಲಿಲ್ಲ.

ಪಾತ್ರೆ ತೊಳೆದು ಎದ್ದಾಗ ಹನ್ನೆರಡಕ್ಕೆ ಮೂರು ನಿಮಿಷವಿತ್ತು. ದೊಡ್ಡ ಭಂತೇಜಿ ಗಡಿಯಾರ ನೋಡಿದರು, ಅವಳನ್ನು ನೋಡಿದರು. ಗಂಡನೂ ನೋಡಿದ. ಕೊಟ್ಟ ಗಡುವನ್ನು ಯಾರೂ ಮರೆತಿರಲಿಲ್ಲ.

ಒಲೆಯಮ್ಮ ನೇರ ಮೇಸ್ತ್ರಿಯ ಹತ್ತಿರ ಹೋದಳು.

"ಅಕ್ಕಾ, ನಿಮ್ಮ ಸರ್ವೀಸ್ ಎಷ್ಟು?"

"ನನ್ನದಾ? ಇಪ್ಪತ್ತಾರಮ್ಮಾ. ಈ ಮಾಡು ಹಾಕೋದಕ್ಕೆ ಮುಂಚಿನಿಂದ."

"ಹಾಗಾದ್ರೆ ನನಗಿಂತ ಎಂಟು ವರ್ಷ ಹಿರಿಯರು."

ಒಲೆಯಮ್ಮ ಮಂಡಿಯೂರಿದಳು. ಕೈ ಮುಗಿದಳು. ಹಣೆ ನೆಲಕ್ಕೆ ತಾಗಿಸಿದಳು. ಆ ನೆಲದಲ್ಲಿ ಕೊಳೆನೀರಿನ ತೇವವಿತ್ತು. ಎರಡನೆಯ ಸಲ ತಾಗಿಸಿದಳು. ಮೇಸ್ತ್ರಿ ಹಾವು ತುಳಿದವಳಂತೆ ಹಿಂದಕ್ಕೆ ಹಾರಿ, "ಅಯ್ಯೋ ಏಳಿ, ಯಾರಾದ್ರೂ ಎಬ್ಬಿಸ್ರೇ, ನನಗೆ ಪಾಪ ಸುತ್ಕೊಳ್ಳುತ್ತೆ," ಎಂದು ಅಳುತ್ತಲೂ ನಗುತ್ತಲೂ ಶೆಡ್ಡು ಸುತ್ತಿದಳು. ಒಲೆಯಮ್ಮ ಮಂಡಿಯಲ್ಲೇ ಅವಳ ಹಿಂದೆ ತೆವಳಿ ಮೂರನೆಯದನ್ನೂ ಮುಗಿಸಿದಳು. ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಕನ್ನಡಕದಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ದೂರದ ಕಾರ್ಖಾನೆಯಲ್ಲಿ ಹನ್ನೆರಡರ ಸೈರನ್ ಕೂಗಿತು.

ಐದು ನಿಮಿಷದ ಮೇಲೆ ಅವರನ್ನು ಹುಡುಕುತ್ತ ಕಾರ್ಯದರ್ಶಿಯ ಕಾರು ಬಂತು. ಮೂಗಿಗೆ ಕರವಸ್ತ್ರ ಹಿಡಿದು, ಇನ್ನೊಂದು ಕೈಯಲ್ಲಿ ಬಿಸಿ ಪಾರ್ಸಲ್ಲುಗಳ ಚೀಲ ಹಿಡಿದು ಅವನು ಇಳಿದ.

"ಹನ್ನೆರಡಾಗಿ ಹೋಯ್ತು," ಎಂದರು ದೊಡ್ಡ ಭಂತೇಜಿ. "ಇನ್ನು ನಾವು ಉಣ್ಣೋ ಹಾಗಿಲ್ಲ."

"ನಮಗೆ ಹನ್ನೆರಡರ ಲೆಕ್ಕ ಇಲ್ಲ, ನಮ್ಮ ಬುತ್ತಿ ಬೇರೆ ಖಾಲಿ. ಕೊಡಿ ಇಲ್ಲಿ," ಎಂದು ಮೇಸ್ತ್ರಿ ಚೀಲವನ್ನು ಅವನ ಕೈಯಿಂದ ಇಸಿದುಕೊಂಡಳು.

ಕಾರ್ಯದರ್ಶಿ ಖಾಲಿ ಕೈಯಲ್ಲಿ ಅತ್ತಿತ್ತ ನೋಡಿದ. ಒಲೆಯಮ್ಮನ ಹಣೆಯ ಮೇಲಿನ ಕೆಸರು ಕಣ್ಣಿಗೆ ಬಿತ್ತು. ಅವನ ಮುಖ ಅರಳಿತು.

"ಹಾಗಾದ್ರೆ ಬಗ್ಗಿದಳು ಅನ್ನಿ," ಎಂದ.

ದೊಡ್ಡ ಭಂತೇಜಿ ತಮ್ಮ ಸುಟ್ಟ ಅಂಗಾಲನ್ನು ತಣ್ಣನೆಯ ಗೋಣಿಗೆ ಒತ್ತಿಕೊಂಡರು. ಪಾರ್ಸಲ್ ಬಿಚ್ಚುತ್ತ ಗದ್ದಲ ಮಾಡುತ್ತಿದ್ದ ಹೆಂಗಸರ ಕಡೆ ಒಮ್ಮೆ ನೋಡಿದರು.

"ಬಗ್ಗಿದರು," ಎಂದರು. "ನಾಳೆ ಹತ್ತೂವರೆಗೆ ಭಿಕ್ಷೆಗೆ ಇದೇ ಸಾಲು ಹೊರಡುತ್ತೆ. ನೀವು ಊಟ ತರೋದು ಬೇಡ."